ತುಟಿ ಮುಟ್ಟಿದ ಕೈ

“ಥೂ, ಉಗಿಯೇ! ಮೊದ್ಲು ಉಗಿ! ಬಾಯಿ ತೊಳ್ಕೊ ಹೋಗು ಕೂಸೆ!”

ಪದ್ಮಾಕ್ಷಮ್ಮ ಪಾರ್ಲರಿನ ಬಾಗಿಲಲ್ಲೇ ನಿಂತು ಮಗಳ ಮೇಲೆ ಕೂಗಿದರು. ಕೈಯಲ್ಲಿದ್ದ ಸೀರೆ ಅಂಗಡಿಯ ಚೀಲ ನೆಲಕ್ಕೆ ಬಿತ್ತು. ಕುರ್ಚಿಗೊರಗಿ ಕಣ್ಣು ಮುಚ್ಚಿದ್ದ ಮದುಮಗಳು ಶ್ರೀರಂಜನಿ ಬೆಚ್ಚಿ ಎದ್ದು ಕೂತಳು. ನನ್ನ ಬೆರಳು ಇನ್ನೂ ಅವಳ ಕೆಳದುಟಿಯ ಮೇಲೇ ಇತ್ತು.

“ನೀನು ಬೂತಪ್ಪನ ಮಗಳಲ್ವನೇ? ನಮ್ಮ ತೋಟಕ್ಕೆ ಬರ್ತಾನಲ್ಲ, ಕೇರಿ ಬೂತಪ್ಪ?”

“ಹೌದಮ್ಮಾರೆ. ಲಲಿತ.”

“ಹೆಸ್ರು ಯಾರು ಕೇಳಿದ್ರೇ ಮುಂಡೆ? ನಾಡಿದ್ದು ಧಾರೆ ಇರೋ ಹುಡ್ಗಿ ಬಾಯಿಗೆ ಕೈ ಹಾಕಿದ್ಯಲ್ಲ!”

ಕೊಪ್ಪದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿರುವ ಈ ಪಾರ್ಲರ್ ಮಹಿಮಾ ಮೇಡಂ ಅವರದು. ನಾನು ಇಲ್ಲಿ ಕಾಲಿನವಳು. ಹಿಮ್ಮಡಿಯ ಒಡಕು ಉಜ್ಜುವುದು, ಉಗುರು ಕತ್ತರಿಸುವುದು, ಕಾಲು ತೊಳೆದ ನೀರು ಚೆಲ್ಲುವುದು ನನ್ನ ಕೆಲಸ. ಪರದೆಯ ಹಿಂದೆ ಕೂತು ಮುಖಕ್ಕೆ, ತುಟಿಗೆ ಬೇಕಾದದ್ದನ್ನೆಲ್ಲ ಕಲಸಿಡುವುದೂ ನನ್ನದೇ. ಹಚ್ಚುವುದು ಮಾತ್ರ ಮೇಡಂ. ಎಲ್ಲ ಜಾತಿಯ ಕಾಲುಗಳೂ ನನ್ನ ಮಡಿಲಿಗೆ ಬಂದಿವೆ. ಕಾಲಿಗೆ ಮಡಿ ಇಲ್ಲವೋ ಏನೋ, ಒಂದು ಕಾಲೂ ನನ್ನ ಜಾತಿ ಕೇಳಿರಲಿಲ್ಲ.

ನನಗಿದ್ದದ್ದು ಒಂದೇ ಆಸೆ. ಕಾಲು ತಿಕ್ಕಲು ಕೂರುವ ಗಿಡ್ಡ ಸ್ಟೂಲಿನಿಂದ ಎದ್ದು ಮುಖದ ಹತ್ತಿರ ನಿಲ್ಲಬೇಕು. ಮುಖದ ಕೆಲಸ ಕಲಿತವಳು ಮುಂದೆ ನರಸಿಂಹರಾಜಪುರದಲ್ಲಾದರೂ ಸ್ವಂತ ಅಂಗಡಿ ಇಡಬಹುದು. ಕಾಲು ತಿಕ್ಕುವವಳು ಸಾಯುವವರೆಗೆ ಕಾಲೇ ತಿಕ್ಕಬೇಕು.

ಮಾಘ ಮಾಸದ ಮದುವೆಗಳು. ಚಳಿಗೆ ತುಟಿ ಒಡೆದುಕೊಂಡ ಹೆಂಗಸರು ಬೆಂಚಿನ ತುಂಬ ಕೂತಿದ್ದರು. ಮೇಡಂಗೆ ಕೈ ಸಾಲದಾಗಿತ್ತು. “ಲಲ್ತಿ, ಈ ಹುಡ್ಗಿ ತುಟಿ ನೀನೇ ಮಾಡೇ,” ಎಂದು ಕಿವಿಯ ಹತ್ತಿರ ಹೇಳಿದ್ದರು. “ಅವ್ರಮ್ಮ ಸೀರೆ ಅಂಗ್ಡಿಗೆ ಹೋಗಿದಾರೆ. ಬರೋದ್ರೊಳಗೆ ಮುಗ್ಸು. ಚೆನ್ನಾಗಿ ಬಂದ್ರೆ ನಾಳೆಯಿಂದ ಮುಖಕ್ಕೆ ನಿಂತ್ಕೊ.”

ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಅವಳ ತುಟಿಗೆ ಒತ್ತಿ ಹಿಡಿದೆ. ಒಣಸಿಪ್ಪೆ ನೆನೆದು ಎದ್ದಿತು. ಬೆಣ್ಣೆ, ಜೇನು, ಪುಡಿಸಕ್ಕರೆ ಕಲಸಿದ್ದನ್ನು ಬೆರಳ ತುದಿಯಲ್ಲಿ ಮೆಲ್ಲಗೆ ತೀಡಿದೆ. “ಹಾಯಾಗ್ತದೆ ಮಾರಾಯ್ತಿ,” ಎಂದಳು ಶ್ರೀರಂಜನಿ. ಒಬ್ಬಳು ನನ್ನ ಕೈಗೆ ಬಾಯಿ ಕೊಟ್ಟು ನಿದ್ದೆಗೆ ಜಾರುತ್ತಿದ್ದಾಳೆ! ನನಗೆ ಹಿಗ್ಗೋ ಹಿಗ್ಗು. ಆಗಲೇ ಅವಳ ಅಮ್ಮ ಬಂದದ್ದು.

“ಅಯ್ಯಯ್ಯೋ, ನಂಗೆ ಗೊತ್ತೇ ಇಲ್ಲ ಅಮ್ಮ!” ಮಹಿಮಾ ಮೇಡಂ ಓಡಿಬಂದರು. “ಫೋನ್ ಬಂತು ಅಂತ ಆಚೆ ತಿರುಗಿದ್ದೆ. ಅಷ್ಟ್ರಲ್ಲಿ ಈ ಕತ್ತೆ...”

“ನೀವೇ ಹೇಳಿದ್ದಲ್ವಾ ಮೇಡಂ?”

“ಬಾಯ್ಮುಚ್ಚೇ ಬೋಸುಡಿ!”

“ಕಾಲು ಉಜ್ಜು, ಯಾರು ಬೇಡಾಂದ್ರು?” ಎಂದರು ಪದ್ಮಾಕ್ಷಮ್ಮ. “ಕಾಲೆಂತದು, ಬಾಯೆಂತದು ಅಂತ ತಿಳೀಬೇಡ್ವಾ?”

“ಬಿಡಮ್ಮ, ಈಗ ಉರೀನೇ ಇಲ್ಲ,” ಎಂದಳು ಮಗಳು.

“ನೀ ಸುಮ್ನಿರು.” ಅವಳನ್ನು ನಲ್ಲಿಯ ಹತ್ತಿರ ದರದರ ಎಳೆದೊಯ್ದು ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗಿಸಿದರು. ಸೆರಗಿನಿಂದ ತುಟಿಯನ್ನು ಗಸಗಸ ಉಜ್ಜಿದರು. ಒಡಕು ಮತ್ತೆ ಬಿರಿದು ರಕ್ತ ಬಂತು. ಮಡಿ ಉಳಿಯಿತಲ್ಲ, ರಕ್ತ ಬಂದರೇನು?

ಮೇಡಂ ಕಪಾಟಿನಿಂದ ಬೇರೆ ಡಬ್ಬಿ ತೆಗೆದರು. “ಇದು ನಾನೇ ಕೈಯಾರೆ ಮಾಡಿದ್ದಮ್ಮ. ಇವ್ಳ ಗಾಳೀನೂ ಸೋಕಿಲ್ಲ.”

ಪದ್ಮಾಕ್ಷಮ್ಮ ಮೂಸಿ ನೋಡಿದರು. “ಸರಿ, ಹಚ್ಚು.”

ನಾನು ಮೇಡಂ ಎದುರು ಹೋಗಿ ನಿಂತೆ.

“ಅದ್ನೂ ಕಲಸಿದ್ದು ನಾನೇ ಅಮ್ಮಾರೆ. ತರಿ ಇದ್ಯಾ, ಉರೀತದಾ, ಮೊದ್ಲು ನಿನ್ನ ತುಟಿಗೆ ಹಚ್ಚಿ ನೋಡು ಅಂತ ಮೇಡಮ್ಮೇ ಹೇಳ್ಕೊಟ್ಟಿದ್ದು. ಗಿರಾಕಿ ತುಟಿ ಸುಡಬಾರ್ದಲ್ಲ, ನಂದು ಸುಟ್ರೆ ಅಡ್ಡಿಲ್ಲ. ಹಚ್ಚಿ, ನೆಕ್ಕಿ, ಅದೇ ಬೆರಳಲ್ಲಿ ಮತ್ತೆ ಕಲಸಿದೀನಿ. ಈ ಬೆಂಚಲ್ಲಿ ಕೂತೋರು, ಹೋದ ಮದುವೇಲಿ ಹಚ್ಚಿಸ್ಕೊಂಡೋರು, ಎಲ್ಲಾರ ಬಾಯಲ್ಲೂ ನನ್ನ ಎಂಜಲೇ!”

ಬೆಂಚಿನವರು ಸೆರಗು ಬಾಯಿಗೆ ತಂದರು. ಒಬ್ಬಳು ಕಿಟಕಿಯಾಚೆ ಉಗಿದಳು. ಕೆಳಗಿನಿಂದ ಯಾವನೋ ಅವಳ ವಂಶವನ್ನೆಲ್ಲ ಎತ್ತಿ ಬೈದ. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು.

“ಇಳಿಯೇ ಕೆಳಗೆ!” ಮೇಡಂ ಮೆಟ್ಟಿಲ ಕಡೆ ಕೈ ತೋರಿದರು. “ಇನ್ಮೇಲೆ ಕೊಪ್ಪ ಬಿಡು, ಶೃಂಗೇರಿ, ಎನ್ಆರ್ ಪುರ, ಎಲ್ಲೂ ನಿಂಗೆ ಕೆಲ್ಸ ಸಿಗದಂಗೆ ಮಾಡ್ತೀನಿ!”

ಮಾಡುತ್ತಾರೆಂದು ನನಗೆ ಗೊತ್ತು. ನನ್ನ ಆಸೆ ಅಲ್ಲೇ ಸತ್ತಿತು. ಆಮೇಲೆ ಹೆದರುವುದಕ್ಕೆ ಏನೂ ಉಳಿದಿರಲಿಲ್ಲ. ಮೇಡಂ ಕೈಯಿಂದ ಡಬ್ಬಿ ಕಿತ್ತುಕೊಂಡು ಹೋಗಿ ಮದುಮಗಳ ಕುರ್ಚಿಯಲ್ಲಿ ಕೂತೆ. ಮೆತ್ತಗಿತ್ತು.

“ಎಳ್ದು ಹಾಕು ಅವ್ಳನ್ನ!” ಪದ್ಮಾಕ್ಷಮ್ಮ ಕಿರುಚಿದರು.

ಮೇಡಂ ಕೈ ಚಾಚಿದರು.

“ಮುಟ್ಟಿ ಮೇಡಂ,” ಎಂದೆ. “ನನ್ನ ಮುಟ್ಟಿದ ಕೈಲಿ ಆಮೇಲೆ ಯಾರ ಬಾಯಿಗೆ ಹಚ್ತೀರಿ?”

ಚಾಚಿದ ಕೈ ಅಲ್ಲೇ ನಿಂತಿತು. ಅವರು ಪದ್ಮಾಕ್ಷಮ್ಮನ ಮುಖ ನೋಡಿದರು, ಪದ್ಮಾಕ್ಷಮ್ಮ ಬೆಂಚಿನವರ ಮುಖ ನೋಡಿದರು. ಯಾರೂ ಮುಂದೆ ಬರಲಿಲ್ಲ.

ನಾನು ಕನ್ನಡಿ ನೋಡುತ್ತ, ಬೆರಳ ತುಂಬ ತೆಗೆದು, ಅವಸರವಿಲ್ಲದೆ ನನ್ನ ತುಟಿಗೆ ಹಚ್ಚಿಕೊಳ್ಳತೊಡಗಿದೆ.