ಕಮಲಾವತಿ ಸೋಸಿದ ನೀರು

ಕೊಂಡು ಎಂಟು ತಿಂಗಳಾಗಿದ್ದ ಕಾರು ಎಂಬತ್ತರ ಮುದುಕನ ಹಾಗೆ ಏಳತೊಡಗಿದ್ದು ಅರುವತ್ತೆರಡನೆಯ ಇಸವಿಯ ಮಾಘದಲ್ಲಿ. ಬೆಳಿಗ್ಗೆ ಡ್ರೈವರ್ ಜತ್ತಪ್ಪ ಸೆಲ್ಫ್ ಒತ್ತಿದರೆ ಬಾನೆಟ್ಟಿನೊಳಗಿಂದ ಒಂದು ನರಳಿಕೆ, ಆಮೇಲೆ ಮೌನ, ಮತ್ತೊಂದು ನರಳಿಕೆ. ಆರನೆಯದಕ್ಕೋ ಏಳನೆಯದಕ್ಕೋ ಎಂಜಿನ್ನಿಗೆ ಜೀವ ಬರುತ್ತಿತ್ತು. ಕಾರಿನ ಧನಿ ಮೂಡುಬಿದಿರೆಯ ಶಾಂತಿರಾಜರು ಜಗಲಿಯಲ್ಲಿ ನಿಂತು ಒಂದೊಂದನ್ನೂ ಬೆರಳು ಮಡಚಿ ಎಣಿಸುತ್ತಿದ್ದರು.

ಪೇಟೆಯವರಿಗೆ ಗೊತ್ತಿದ್ದ ಔಷಧಗಳೆಲ್ಲ ಮುಗಿದವು. ಒಬ್ಬರು ಪೆಟ್ರೋಲಿನ ಪೈಪು ಊದಿದರು, ಇನ್ನೊಬ್ಬರು ಪ್ಲಗ್ಗುಗಳನ್ನೇ ಬದಲಾಯಿಸಿದರು. ಕಾರು ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಶಾಂತಿರಾಜರು ತಾವೇ ಒಂದು ತರ್ಕ ಹೂಡಿದರು. ಕರೆಂಟು ಸಾಲದೆ ಕಾರು ಹೀಗಾಗುವುದೆಂದು ಯಾರೋ ಹೇಳಿದ್ದರು. ಕರೆಂಟು ಖರ್ಚಾಗುವುದು ರಾತ್ರಿ ದೀಪ ಉರಿಸಿದರೆ. ಸೂರ್ಯ ಮುಳುಗುವ ಮೊದಲೇ ಉಂಡು ಕೈತೊಳೆಯುವ ಅವರ ಜೈನ ಮನೆಯಲ್ಲಿ ರಾತ್ರಿ ಕಾರು ಹತ್ತುವವರು ಯಾರೂ ಇರಲಿಲ್ಲ. ಹಾಗಾದರೆ ಹತ್ತುವವನು ಒಬ್ಬನೇ, ಶೆಡ್ಡಿನ ಪಕ್ಕದ ಕೋಣೆಯಲ್ಲಿ ಮಲಗುವ ಜತ್ತಪ್ಪ.

ಪಾಣೆಮಂಗಳೂರಿನ ನಿಝಾಮುದ್ದೀನ್ ಎಂಬ ಮೆಕ್ಯಾನಿಕ್ಕಿಗೆ ಕಾರು ತೋರಿಸುವುದೆಂದು ನಿಶ್ಚಯವಾಯಿತು. ಅಲ್ಲಿಂದ ಮುಂದೆ ಪುಂಜಾಲಕಟ್ಟೆಯ ತವರಿಗೆ ಹೋಗುವುದಿದ್ದ ಹೆಂಡತಿ ಕಮಲಾವತಿಯೂ ಹೊರಟಳು. ಸಿದ್ದಕಟ್ಟೆ ದಾಟಿದ ಮೇಲೆ ಗಂಡ ಜತ್ತಪ್ಪನ ಬೆನ್ನಿಗೆ ಹೇಳಿದರು:

"ಬ್ಯಾಟರಿ ಖಾಲಿ ಅಂತ ಆ ಸಾಯ್ಬರು ಹೇಳಿದರೆ, ನೀನು ಅಲ್ಲಿಂದಲೇ ಬಸ್ಸಿಗೆ ಬೆಳ್ತಂಗಡಿಗೆ ಹೋಗು. ಮತ್ತೆ ನಮ್ಮಲ್ಲಿಗೆ ಬರುವುದು ಬೇಡ."

"ಆಗಲಿ ಧನಿ," ಎಂದ ಜತ್ತಪ್ಪ. ಸ್ಟಿಯರಿಂಗಿನ ಮೇಲಿನ ಕೈ ಅಲುಗಲಿಲ್ಲ.

ಜತ್ತಪ್ಪ ಬಂದು ಎಂಟು ತಿಂಗಳು, ಕಾರಿನಷ್ಟೇ ಹಳಬ. ಬೆಳ್ತಂಗಡಿಯಲ್ಲಿ ತಾಯಿ ಮತ್ತು ಮದುವೆಯಾಗದ ಇಬ್ಬರು ತಂಗಿಯರು ಇವನ ಸಂಬಳದಲ್ಲೇ ಉಣ್ಣುತ್ತಿದ್ದರು. ಕದ್ದು ಕಾರು ಒಯ್ದವನೆಂಬ ಹೆಸರು ಒಮ್ಮೆ ಬಂದರೆ ಸುತ್ತಿನ ಊರುಗಳಲ್ಲಿ ಯಾರೂ ಅವನ ಕೈಗೆ ಸ್ಟಿಯರಿಂಗು ಕೊಡಲಾರರು. ಅವನು ಹಾಗೆ ಮಾಡುವವನಲ್ಲ ಎಂದು ಕಮಲಾವತಿಗೆ ಅನಿಸುತ್ತಿತ್ತು. ಆದರೆ ಅನಿಸಿಕೆಯನ್ನು ಮುಂದಿಟ್ಟು ಶಾಂತಿರಾಜರ ತರ್ಕವನ್ನು ಗೆದ್ದವರಿರಲಿಲ್ಲ.

ನಿಝಾಮುದ್ದೀನರ ಶೆಡ್ಡು ಸೇತುವೆಯ ಈಚೆ, ನದಿಗೆ ಬೆನ್ನು ಹಾಕಿಕೊಂಡಿತ್ತು. ಬಡಕಲು ಮನುಷ್ಯ, ಗಿಡ್ಡ ಗಡ್ಡ, ಹಣೆಯ ಮೇಲೊಂದು ಮಸಿಗೆರೆ. ಕಾರು ನಿಂತು ಒಂದು ಗಳಿಗೆ ತಣಿಯುವವರೆಗೆ ಅವರು ಅದರ ಹತ್ತಿರವೂ ಸುಳಿಯಲಿಲ್ಲ. ಆಮೇಲೆ ಜತ್ತಪ್ಪನಿಗೆ ಸನ್ನೆ ಮಾಡಿ, ಕಣ್ಣು ಮುಚ್ಚಿ, ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ನಿಂತರು. ಮೂರು ನರಳಿಕೆಗಳಾದವು.

"ಸಾಕು," ಎಂದರು. "ಎಂಜಿನ್ನನ್ನು ಎಷ್ಟು ಜನ ಬಿಚ್ಚಿದ್ದಾರೆ?"

"ಮೂವರು," ಎಂದರು ಶಾಂತಿರಾಜರು.

"ತಲೆನೋವು ಮಾವನಿಗೆ, ಕಷಾಯ ಅಳಿಯನಿಗೆ."

ಅವರು ಡಿಕ್ಕಿಯಿಂದ ಉದ್ದನೆಯ ಹ್ಯಾಂಡಲ್ ತೆಗೆದು ಕಾರಿನ ಮೂತಿಗೆ ಸಿಕ್ಕಿಸಿ ಒಂದೇ ಸಲ ಮೇಲಕ್ಕೆಳೆದರು. ಎಂಜಿನ್ ತಟ್ಟನೆ ಎದ್ದು ಗುನುಗತೊಡಗಿತು. ಕಮಲಾವತಿ ಬೆಂಚಿನಲ್ಲಿ ನೆಟ್ಟಗೆ ಕೂತಳು. ಮೂರು ವಾರ ಊರೇ ಕೂಡಿ ಹುಡುಕಿದ್ದನ್ನು ಈ ಮನುಷ್ಯ ತೋಳಿನ ಒಂದು ಬೀಸಿನಲ್ಲಿ ತಳ್ಳಿಹಾಕಿದ್ದರು. ಪೆಟ್ರೋಲು ಸರಿ, ಪ್ಲಗ್ಗು ಸರಿ, ಎಂಜಿನ್ನೇ ಸರಿ. ಬಲವಿಲ್ಲದ್ದು ಅದನ್ನು ಎಬ್ಬಿಸುವ ಸೆಲ್ಫಿಗೆ.

ಗುನುಗುತ್ತಿದ್ದ ಹಾಗೆಯೇ ಅವರು ಡ್ಯಾಶಿನ ಮೇಲಿನ ಸಣ್ಣ ಮುಳ್ಳನ್ನು ನೋಡಿದರು. "ಡೈನಮೋ ಕರೆಂಟು ಕೊಡ್ತಾ ಉಂಟು. ಅದರದ್ದೂ ತಪ್ಪಿಲ್ಲ." ಎಂಜಿನ್ ನಿಲ್ಲಿಸಿ ಹೆಡ್‌ಲೈಟ್ ಹಾಕಿಸಿದರು. ಹಗಲಾದ್ದರಿಂದ ಶೆಡ್ಡಿನ ಗೋಡೆಯ ನೆರಳಿನಲ್ಲಿ ಎರಡು ಹಳದಿ ಬಿಲ್ಲೆಗಳು ಮಾತ್ರ ಕಂಡವು. "ಈಗ ಸೆಲ್ಫ್ ಒತ್ತು." ಬಿಲ್ಲೆಗಳು ಕಂದುತ್ತಾ ಕಂದುತ್ತಾ ಗೋಡೆಯೊಳಕ್ಕೆ ಇಂಗಿಹೋದವು. ಅವರು ಬಾನೆಟ್ಟಿನೊಳಗೆ ಕೈಹಾಕಿ ದಪ್ಪ ವಯರಿನ ತುದಿಗಳನ್ನು ವೈದ್ಯರು ನಾಡಿ ಹಿಡಿದ ಹಾಗೆ ಮುಟ್ಟಿ ಮುಟ್ಟಿ ನೋಡಿದರು.

"ವಯರಿನಲ್ಲಿ ಎಲ್ಲಾದರೂ ಸಡಿಲವಿದ್ದರೆ ಅಲ್ಲಿ ಬಿಸಿ ಆಗ್ಬೇಕು. ತಣ್ಣಗೆ ಉಂಟು."

ಕಮಲಾವತಿಗೆ ಮೈ ಜುಂ ಎಂದಿತು. ಕಣ್ಣಿಗೆ ಕಾಣದ ಒಂದು ಶಕ್ತಿ ಆ ಕಬ್ಬಿಣದ ಓಣಿಗಳಲ್ಲಿ ಓಡಾಡುತ್ತಿತ್ತು. ಈ ಮಸಿಬಳಿದ ಬೆರಳುಗಳು ಒಂದೊಂದೇ ಬಾಗಿಲು ಮುಚ್ಚುತ್ತಾ ಅದನ್ನು ಮೂಲೆಗೆ ಅಟ್ಟುತ್ತಿದ್ದವು. ಮಂತ್ರವಿಲ್ಲ, ತಂತ್ರವಿಲ್ಲ. ಮುಂದೆ ಉಳಿದ ಬಾಗಿಲು ಒಂದೇ ಎಂಬುದು ಅವಳಿಗೆ ಹೊಳೆದದ್ದು ಸ್ವಲ್ಪ ತಡವಾಗಿ.

"ಬ್ಯಾಟರಿ," ಎಂದರು ನಿಝಾಮುದ್ದೀನ್. "ಖಾಲಿ."

ಶಾಂತಿರಾಜರು ಜತ್ತಪ್ಪನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಸರಿಬಂದವನ ಸಮಾಧಾನವಿತ್ತು. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಾನು ಹೇಳಿದ್ದೆ ಅಲ್ವಾ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳು, ಹೋಗು."

"ಧನಿಗಳೇ, ಸ್ವಲ್ಪ ನಿಲ್ಲಿ," ಎಂದರು ನಿಝಾಮುದ್ದೀನ್. "ಖಾಲಿ ಆಗಿದೆ ಅಂತ ಹೇಳಿದ್ದು ನಾನು. ಖಾಲಿ ಮಾಡಿದ್ದು ಯಾರು ಅಂತ ಇನ್ನೂ ಹೇಳಲಿಲ್ಲ. ನಿಮ್ಮ ಬಸ್ಸು ನನ್ನ ಬಾಯಿಗಿಂತ ಮೊದಲು ಹೊರಡ್ತದೆ."

ಅವರು ಒಳಗಿನಿಂದ ಒಂದು ಗಾಜಿನ ಕೊಳವೆ ತಂದರು. ಒಂದು ತುದಿಯಲ್ಲಿ ರಬ್ಬರಿನ ಬುರುಡೆ, ಇನ್ನೊಂದರಲ್ಲಿ ಸಪೂರ ಮೂತಿ. ಒಳಗೆ ಬೆರಳಿನಷ್ಟು ಗಾಜಿನ ತೇಲುಗುಂಡು, ಅದರ ಕುತ್ತಿಗೆಗೆ ಸಣ್ಣ ಸಣ್ಣ ಗೆರೆಗಳು. ಬ್ಯಾಟರಿಯ ಆರು ಮನೆಗಳ ಮುಚ್ಚಳಗಳಲ್ಲಿ ಮೊದಲನೆಯದನ್ನು ತಿರುಚಿ ತೆಗೆದು, ಬುರುಡೆ ಹಿಚುಕಿ ಒಳಗಿನ ದ್ರವವನ್ನು ಎಳೆದರು.

"ನೋಡಿ. ಒಳಗೆ ಆಸಿಡ್ ಬಲವಾಗಿದ್ದರೆ ಈ ಗುಂಡು ತಲೆ ಎತ್ತಿ ನಿಲ್ತದೆ. ಬಲ ಇಲ್ಲದಿದ್ದರೆ ಮುಳುಗ್ತದೆ."

ಗುಂಡು ಕುತ್ತಿಗೆಯವರೆಗೆ ಮುಳುಗಿತ್ತು. ಎರಡನೆಯ ಮನೆಯಲ್ಲೂ ಹಾಗೆಯೇ, ಆರನೆಯದರಲ್ಲೂ ಹಾಗೆಯೇ. ಅವಳು ತನಗರಿವಿಲ್ಲದೆ ಎದ್ದು ಕಾರಿನ ಪಕ್ಕಕ್ಕೆ ಬಂದಿದ್ದಳು. ಬೆಂಕಿಯಿಲ್ಲ, ಹೊಗೆಯಿಲ್ಲ, ಒಂದು ಕರಿಯ ಪೆಟ್ಟಿಗೆಯಲ್ಲಿ ಬರೇ ನೀರಿನಂಥದ್ದು ಕೂತು ಅಷ್ಟು ದೊಡ್ಡ ಕಬ್ಬಿಣವನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಅದರ ಬಲವೆಷ್ಟೆಂದು ಒಂದು ಗಾಜಿನ ಗುಂಡು ಮುಳುಗಿಯೋ ತೇಲಿಯೋ ಹೇಳುತ್ತದೆ.

ನಿಝಾಮುದ್ದೀನ್ ಕೊಳವೆಯನ್ನು ಸೂರ್ಯನಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಇದು ತಿಳಿಯಾಗಿ ಇರ್ಬೇಕು. ಕೆಂಪು ಬಣ್ಣ ಎಲ್ಲಿಂದ ಬಂತು?"

ಕೊಳವೆಯ ತುದಿಯಿಂದ ಒಂದು ಹನಿ ಮಡ್‌ಗಾರ್ಡಿಗೆ ಬಿತ್ತು.

ಆ ಕೆಂಪು ಅವಳಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಎರಡು ಮಡಿಕೆಯ ಬಿಳಿ ಬಟ್ಟೆಯ ಮೇಲೆ ಅವಳು ನೋಡುತ್ತಿದ್ದ ಬಣ್ಣ ಅದು. ಕೆಂಪು ಮುರಕಲ್ಲು ಕಡಿದು ತೋಡಿದ ಬಾವಿ. ಎಷ್ಟು ಸೋಸಿದರೂ ಬಟ್ಟೆಯಲ್ಲಿ ಆ ಕಲೆ ನಿಲ್ಲುತ್ತಿತ್ತು. ಬಟ್ಟೆಯಲ್ಲಿ ಉಳಿದ ಜೀವಗಳಿಗೆ ನೋವಾಗದಂತೆ ಅವನ್ನು ತಿರುಗಿ ಅದೇ ಬಾವಿಗೆ ಮೆಲ್ಲನೆ ಇಳಿಬಿಟ್ಟ ಮೇಲೆಯೇ ಅವಳು ಒಳಗೆ ಹೋಗುವುದು.

"ಬ್ಯಾಟರಿಗೆ ನೀರು ಹಾಕುವುದು ಯಾರು?" ಎಂದು ಕೇಳಿದರು ನಿಝಾಮುದ್ದೀನ್.

"ನಾನು," ಎಂದ ಜತ್ತಪ್ಪ.

"ಎಂತ ನೀರು?"

ಜತ್ತಪ್ಪ ನದಿಯ ಕಡೆ ನೋಡಿದ. "ಸಿಕ್ಕಿದ ನೀರು."

ಅವನು ಸುಳ್ಳು ಹೇಳುತ್ತಿದ್ದ. ಕಾರು ಬಂದ ಮೊದಲ ತಿಂಗಳು ಅವನು ಬಂಟ್ವಾಳದಿಂದ ಬ್ಯಾಟರಿ ನೀರಿನ ಬಾಟ್ಲಿ ತಂದಿದ್ದ. ಅವಳು ಅದನ್ನು ಅಂಗಳದಲ್ಲೇ ತಡೆದಿದ್ದಳು. ಯಾವ ಊರಿನ ನೀರು, ಯಾರು ಸೇದಿದ್ದು, ಸೋಸಿದ್ದಾರೋ ಇಲ್ಲವೋ. ಒಳಗಿರುವುದು ಆಸಿಡ್ ಎಂದು ಅವನೇ ಹೇಳಿದ್ದ. ಸೋಸದ ನೀರನ್ನು ಅದರೊಳಗೆ ಸುರಿದರೆ ಎಷ್ಟು ಜೀವಗಳ ಹತ್ಯೆ. "ಅಮ್ಮ, ಅದಕ್ಕೆ ಬೇರೆಯೇ ನೀರು ಉಂಟು," ಎಂದಿದ್ದ ಜತ್ತಪ್ಪ. "ನಮ್ಮ ನೀರಿಗಿಂತ ಚೊಕ್ಕ ನೀರು ಯಾವ ಅಂಗಡಿಯಲ್ಲಿ ಸಿಗ್ತದೆ ಮಾರಾಯ?" ಎಂದು ಕೇಳಿ, ಅಂದಿನಿಂದ ವಾರಕ್ಕೊಮ್ಮೆ, ಸೋಸಿ ಕುದಿಸಿ ಆರಿಸಿದ ನೀರನ್ನು ತಾನೇ ತಂಬಿಗೆಯಲ್ಲಿ ತಂದುಕೊಟ್ಟಿದ್ದಳು. ಮಗುವಿಗೆ ಕೊಡುವಷ್ಟು ಶ್ರದ್ಧೆಯಿಂದ ಕೊಟ್ಟಿದ್ದಳು.

"ಸಾಯ್ಬರೇ," ಎಂದಳು ಕಮಲಾವತಿ. ಗಂಡನ ಎದುರು ಪರರ ಜೊತೆ ಮಾತಾಡುವುದು ಅವಳಿಗೆ ರೂಢಿಯಿರಲಿಲ್ಲ. "ಬಾವಿಯ ನೀರಿನಲ್ಲಿ ಆ ಕೆಂಪು ಇದ್ದರೆ ಬ್ಯಾಟರಿಗೆ ಎಂತ ಆಗ್ತದೆ?"

"ಅದು ಕಬ್ಬಿಣದ ಅಂಶ ಅಮ್ಮ. ಕುಡಿದರೆ ನಮಗೆ ಎಂತದ್ದೂ ಇಲ್ಲ. ಬ್ಯಾಟರಿಗೆ ವಿಷ. ಬೀಗ ಹಾಕಿ ನಿಲ್ಲಿಸಿದರೂ ಒಳಗೊಳಗೇ ಕರೆಂಟು ಸೋರ್ತದೆ. ಓಡುವಾಗ ಡೈನಮೋ ತುಂಬಿಸಿದ್ದು ನಿಂತ ಮೇಲೆ ಉಳಿಯುವುದಿಲ್ಲ. ಸಂಜೆ ತುಂಬಿದ್ದು ಬೆಳಿಗ್ಗೆ ಖಾಲಿ."

"ಯಾರೂ ಕಾರು ಮುಟ್ಟದಿದ್ದರೂ?"

"ಯಾರೂ ಮುಟ್ಟದಿದ್ದರೂ."

ಅವಳು ಗಂಡನ ಕಡೆ ತಿರುಗಿದಳು. "ಇವರೇ, ಆ ನೀರು ಕೊಟ್ಟದ್ದು ನಾನು. ನಮ್ಮ ಬಾವಿಯದ್ದು, ಸೋಸಿದ್ದು. ಬೇಡ ಅಂತ ಜತ್ತಪ್ಪ ಹೇಳಿದ್ದ. ನಾನು ಕೇಳಲಿಲ್ಲ. ಬಸ್ಸಿಗೆ ಕಳಿಸುವುದಾದರೆ ನನ್ನನ್ನು ಕಳಿಸಿ."

ಶಾಂತಿರಾಜರು ಕೊಳವೆಯನ್ನು ಕೇಳಿ ಪಡೆದು ತಾವೇ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಅವರ ತರ್ಕದ ಮೆಟ್ಟಿಲುಗಳೆಲ್ಲ ಗಟ್ಟಿಯಿದ್ದವು. ಮನುಷ್ಯರ ಕೈಯಿಲ್ಲದೆ ಒಂದು ವಸ್ತು ಕತ್ತಲಲ್ಲಿ ತಾನೇ ತಾನಾಗಿ ಬರಿದಾಗಬಹುದೆಂಬ ಒಂದು ಮೆಟ್ಟಿಲು ಮಾತ್ರ ಅದರಲ್ಲಿರಲಿಲ್ಲ. ಕೊಳವೆಯನ್ನು ಅವರು ನಿಝಾಮುದ್ದೀನರ ಕೈಗೆ ತಿರುಗಿ ಕೊಟ್ಟರು.

"ಜತ್ತಪ್ಪ," ಎಂದರು ಕೊನೆಗೆ. "ಬಸ್ಸಿನ ವಿಷಯ ಬಿಡು. ನಾನು ಹೇಳಿದ್ದು ತಪ್ಪು."

ಜತ್ತಪ್ಪ ಶೆಡ್ಡಿನ ಬಾಲ್ದಿಯಿಂದ ಒಂದು ಚೊಂಬು ನೀರು ತಂದು, ಆಸಿಡ್ಡಿನ ಹನಿ ಬಿದ್ದಿದ್ದ ಮಡ್‌ಗಾರ್ಡಿನ ಮೇಲೆ ಸಣ್ಣ ಧಾರೆಯಾಗಿ ಬಿಡುತ್ತಿದ್ದ.

"ಈಗಲೇ ತೊಳೆಯದಿದ್ದರೆ ಬಣ್ಣ ತಿಂದುಬಿಡ್ತದೆ ಧನಿ," ಎಂದ ತಲೆಯೆತ್ತದೆ. ಆಮೇಲೆ, ಅದೇ ಮಾತಿನ ಮುಂದುವರಿಕೆಯೆಂಬಂತೆ, "ನಾನು ಅಮ್ಮನಿಗೆ ಒಂದೇ ಸಲ ಹೇಳಿದ್ದು. ಇನ್ನೊಂದು ಸಲ ಹೇಳ್ಬೇಕಿತ್ತು."

ತನ್ನನ್ನು ಹೊರಗೆ ಹಾಕಲಿದ್ದವರ ಕಾರಿನ ಬಣ್ಣವನ್ನು ಅವನು ಹೆಗಲ ಬೈರಾಸಿನ ಅಂಚಿನಿಂದ ಒತ್ತಿ ಒತ್ತಿ ಒರೆಸುತ್ತಿದ್ದ, ಕಲೆ ಉಳಿದಿದೆಯೋ ಎಂದು ಬಗ್ಗಿ ಬೆಳಕಿಗೆ ನೋಡುತ್ತಿದ್ದ.