ಎಡಗಡೆಯ ಹಲಗೆ

ಮೇಧಾ ಆ ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿ ತಂದಾಗ ಪರಶುವಿಗೆ ಅದರ ಗುರುತು ಸಿಗಲಿಲ್ಲ. ನರಗುಂದದಲ್ಲಿ ಮಕ್ಕಳಿಗಾಗಿ ಪುಸ್ತಕಮನೆ ನಡೆಸುತ್ತಿದ್ದ ಆಕೆಗೆ, ಮಕ್ಕಳು ದೋಣಿಯೊಳಗೆ ಕೂತು ಓದಿದರೆ ಹೇಗೆ ಎಂಬ ಹುಕಿ ಬಂದಿತ್ತು. ಮಲಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ಮಗುಚಿ ಬಿದ್ದಿದ್ದುದನ್ನು ಕೇಳಿ ತಂದಿದ್ದಳು.

"ಪರಶಣ್ಣಾ, ಬಣ್ಣೆಲ್ಲಾ ತಗದು ಬರೇ ವಾರ್ನಿಶ್ ಹಚ್ಚಿಬಿಡ್ರಿ. ಕಟ್ಟಿಗಿ ಕಾಣಬೇಕು."

ಪರಶು ಮೂವತ್ತು ವರ್ಷದಿಂದ ಬಾಗಿಲು, ಕಪಾಟು, ತೊಟ್ಟಿಲುಗಳಿಗೆ ಪಾಲಿಶ್ ಮಾಡಿಕೊಂಡು ಬಂದವನು. ಬಿಸಿಗಾಳಿಯ ಯಂತ್ರ ಹಿಡಿದು ಹೆರೆಯತೊಡಗಿದ. ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಡಾಂಬರು. ಮೂರನೆಯ ದಿನ ಎಡಗಡೆ, ಮುಂದಿನ ಹಲಗೆಯ ತಳದಲ್ಲಿ, ಅಂಗೈಯಗಲದ ತಗಡಿನ ತೇಪೆ ಸಿಕ್ಕಿತು. ಮೊಳೆ ಕಿತ್ತು ಎಬ್ಬಿಸಿದ. ಒಳಗೊಂದು ತೂತು. ಅದರ ಅಂಚಿಗೆ ಜೇನುಬಣ್ಣದ್ದೇನೋ ಅಂಟಿಕೊಂಡಿತ್ತು. ಬೆರಳು ಒದ್ದೆ ಮಾಡಿ ಉಜ್ಜಿದ. ಮೆತ್ತಗಾಯಿತು, ಮೂಗಿಗೆ ಹಿಡಿದ. ಸರೇಸು. ಕುರ್ಚಿ ಮೇಜು ಮಾಡುವವರು ಕಾಯಿಸಿ ಹಚ್ಚುವ ಅಂಟು, ನೀರು ತಾಗಿದರೆ ಕರಗುವಂಥದ್ದು. ಅದನ್ನು ದೋಣಿಗೆ ಯಾರೂ ಹಚ್ಚುವುದಿಲ್ಲ.

ಅವನು ಹಚ್ಚಿದ್ದ.

ಆಗ ಅವನಿಗೆ ಇಪ್ಪತ್ತೆರಡು. ಬೇಸಿಗೆಯಲ್ಲಿ, ಬಡಿಗತನ ಕಲಿಸುತ್ತಿದ್ದ ಗುರು ಅವನೊಬ್ಬನನ್ನೇ ಈ ದೋಣಿಯ ರಿಪೇರಿಗೆ ಕಳಿಸಿದ್ದ. ಒಂದು ಹಲಗೆ ಮೆತ್ತಗಾಗಿತ್ತು. ಕತ್ತರಿಸಿ ಹೊಸದು ಕೂರಿಸಬೇಕು, ಎರಡು ದಿನದ ಕೆಲಸ. ಮರುದಿನವೇ ಪುರ್ತಗೇರಿಯಲ್ಲಿ ಹೆಣ್ಣು ನೋಡುವುದಿತ್ತು. ಮೆತ್ತಗಿನ ಜಾಗವನ್ನಷ್ಟೇ ಕೆತ್ತಿ, ಕೈಗೆ ಸಿಕ್ಕ ಸರೇಸಿಗೆ ಮರದ ಹೊಟ್ಟು ಕಲಸಿ ತುಂಬಿದ, ಮೇಲೆ ಡಾಂಬರು ಬಳಿದು ಹೊರಟುಬಿಟ್ಟ. ಶ್ರಾವಣದಲ್ಲಿ ಸಂತೆಯ ಮಂದಿ ಕೂತಿದ್ದಾಗ ದೋಣಿ ನಡುಹೊಳೆಯಲ್ಲಿ ನೀರು ತುಂಬಿಕೊಂಡಿತು. ಜನ ಅಂಚು ಹಿಡಿದು ಹೇಗೋ ದಡ ಸೇರಿದರು. ಅಂಬಿಗ ರಾಯಣ್ಣನಿಗೆ ಲಕ್ಷ್ಯವಿರಲಿಲ್ಲ, ಬಂಡೆಗೆ ಬಡಿಸಿ ತೂತು ಮಾಡಿದ ಎಂದು ಹಿರಿಯರು ಅವನ ಕೈಯಿಂದ ದೋಣಿ ಕಿತ್ತುಕೊಂಡು, ತೂತಿಗೆ ತಗಡು ಹೊಡೆಸಿದರು. ಅವನು ಹೆಂಡತಿಯ ತವರು ಅಬ್ಬಿಗೇರಿಗೆ ಹೋಗಿ ಹೊಲದ ಕೆಲಸಕ್ಕೆ ನಿಂತ. ಸುದ್ದಿ ಕೇಳಿದಾಗ ಪರಶುವಿಗೆ ತಾನು ತುಂಬಿದ ಸರೇಸು ನೆನಪಾಗಿತ್ತು. ಆದರೆ ಯಾರನ್ನೂ ಏನೂ ಕೇಳಲಿಲ್ಲ. ಮುಂದೆ ಹೊಳೆಗೆ ಸೇತುವೆ ಬಂತು.

ಈಗ ಪುಟ್ಟಿ ಕಲಸಿ ತೂತು ತುಂಬಿ, ಕಟ್ಟಿಗೆಯ ಬಣ್ಣ ಹೊಂದಿಸಿ ವಾರ್ನಿಶ್ ಎಳೆದರೆ ಯಾರಿಗೂ ತಿಳಿಯುವಂತಿರಲಿಲ್ಲ. ಕಲಸಿದ ಕೂಡ. ಅದು ಡಬ್ಬಿಯಲ್ಲೇ ಗಟ್ಟಿಯಾಯಿತು. ಮರುದಿನ ರೋಣಕ್ಕೆ ಹೋಗಿ ಅಲ್ಲಿಂದ ಅಬ್ಬಿಗೇರಿಯ ಬಸ್ಸು ಹಿಡಿದ.

ರಾಯಣ್ಣ ಹೆಂಡತಿ ಕರೆವ್ವನ ಜೊತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ. ಪರಶು ನಿಂತಲ್ಲೇ ಎಲ್ಲವನ್ನೂ ಹೇಳಿದ. ಸುಲಿಯುವ ಸಪ್ಪಳ ನಿಂತಿತು.

"ಯಾವ ಬಾಜೂ?" ಎಂದ ರಾಯಣ್ಣ.

"ಎಡಕ್ಕ. ಮುಂದಿನ ಹಲಗಿ."

ಮುದುಕನ ಎರಡೂ ಕೈಗಳು ಹುಟ್ಟು ಹಿಡಿದಂತೆ ತಾವಾಗಿಯೇ ಮೇಲೆದ್ದವು. "ಎಡಕ್ಕ ಎಳದಿತ್ತು. ನಾ ಎಷ್ಟ ಹಾಕಿದ್ರೂ ಎಡಕ್ಕ. ನನ್ನ ಕೈನ ಕೆಟ್ಟಾವು ಅಂತ ತಿಳದಿದ್ದೆ."

"ಅವತ್ತಿಂದ ಇವರು ಒಂದ ಬಂಡಿ ಸೈತ ಹೊಡದಿಲ್ಲ," ಎಂದಳು ಕರೆವ್ವ. "ಮಕ್ಕಳನ್ನ ಕಾಲುವಿ ದಾಟಸಂದ್ರ ನನ್ನ ಕೈಯಾಗ ಕೊಡತಿದ್ರು. ಗೊತ್ತಿದ್ದೂ ಸುಮ್ಮನಿದ್ದೇನಪಾ?"

"ಗೊತ್ತಿರಲಿಲ್ಲಬೇ. ಸಂಶೇ ಇತ್ತು. ಕೇಳಾಕ ಅಂಜಿದೆ."

"ಎದ್ದ ಹೋಗು," ಎಂದ ರಾಯಣ್ಣ. ಪರಶು ನಿಂತೇ ಇದ್ದ ಎಂಬುದು ಅವನಿಗೆ ಕಂಡಿರಲಿಲ್ಲ.

ಬಸ್ಸಿನಲ್ಲಿ ಪರಶು ಕಿಟಕಿಯಾಚೆಯ ಎರೆಹೊಲ ನೋಡುತ್ತ ಕೂತ. ಆ ಮನುಷ್ಯನ ಕೆಲಸ ಹೋಯಿತು ಎಂದಷ್ಟೇ ಅವನು ಇಷ್ಟು ವರ್ಷ ತಿಳಿದಿದ್ದ. ತನ್ನ ಕೈಗಳ ಮೇಲೆಯೇ ನಂಬಿಕೆ ಕಳೆದುಕೊಂಡು ಒಬ್ಬ ಇಷ್ಟು ಕಾಲ ಬದುಕಿದ್ದಾನೆಂದು ಊಹಿಸಿಯೂ ಇರಲಿಲ್ಲ.

ಅದಾಗಿ ನಾಲ್ಕನೆಯ ದಿನ ರಾಯಣ್ಣ ತಾನೇ ನರಗುಂದಕ್ಕೆ ಬಂದ. ತೂತಿನೊಳಗೆ ಬೆರಳು ತೂರಿಸಿ ಅಂಚನ್ನೆಲ್ಲ ಸವರಿ ನೋಡಿದ. "ಹೊಸಾ ಹಲಗಿ ಹಾಕು."

"ಇದೇನು ನೀರಿಗೆ ಇಳಿಯೂದದ ಏನಜ್ಜಾ?" ಎಂದು ಮೇಧಾ ನಕ್ಕಳು. ಪರಶು ಅವಳಿಗೆ ಎಲ್ಲವನ್ನೂ ಹೇಳಿದ.

ಸಾಗವಾನಿ ಹಲಗೆ ಕೂರಿಸಲು ಎರಡು ದಿನವೇ ಹಿಡಿಯಿತು. ನೀರು ಸೋರದಂತೆ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಹೊಡೆದು ತುಂಬುವುದನ್ನು ರಾಯಣ್ಣ ಮುಂದೆ ಕೂತು ಹೇಳಿಕೊಟ್ಟ, ತಪ್ಪಿದಾಗಲೆಲ್ಲ ಬೈದ. ಆಮೇಲೆ ದೋಣಿಯನ್ನು ಕಲ್ಲುಗಳ ಮೇಲೆ ಎತ್ತಿಡಿಸಿ, ಒಳಗೆ ಕೊಡಗಟ್ಟಲೆ ನೀರು ಸುರಿಸಿದ. ಅಡಿಗೆ ತೆವಳಿ ಹೋಗಿ, ಎಡಗಡೆಯ ಹಲಗೆಗೆ ಅಂಗೈ ಒತ್ತಿ ಬಹಳ ಹೊತ್ತು ಮಲಗಿದ್ದ. ಹೊರಬಂದು ಅಂಗೈ ತೋರಿಸಿದ. ಒಂದು ಹನಿಯೂ ತಾಗಿರಲಿಲ್ಲ.

ವಾರ ಬಿಟ್ಟು ಮರ ಆರಿದ ಮೇಲೆ ವಾರ್ನಿಶ್ ಹಚ್ಚುವುದಕ್ಕೂ ಬಂದ. ಮೊದಲ ಕೈ ಎಳೆದಾಗ ಹಳೆಯ ಕಪ್ಪು ಹಲಗೆಗಳ ನಡುವೆ ಹೊಸದು ಎದ್ದು ಕಂಡಿತು. ಪರಶು ಅದರ ಬಣ್ಣ ಹೊಂದಿಸಲು ಹೋಗಲಿಲ್ಲ.

"ಯಣ್ಣಾ, ನನ್ನ ಮ್ಯಾಲಿನ ಸಿಟ್ಟ ಹೋತೇನು?" ಎಂದು ಅಂಜುತ್ತಲೇ ಕೇಳಿದ.

"ಇಲ್ಲ." ರಾಯಣ್ಣ ಬ್ರಶ್ಶು ಒರೆಸಿ ಇಟ್ಟ. "ಇನ್ನೊಂದ ಕೈ ಹಚ್ಚೂದು ಯಾವಾಗ?"

"ನಾಳೆ ಮುಂಜಾನೆ."

ಮರುದಿನ ಅವನು ಮೊದಲ ಬಸ್ಸಿಗೇ ಬಂದ.