ಸುತ್ತು ದಾರಿ

ಮೋಡವಂತೂ ಇತ್ತು. ಅದು ಸುಳ್ಳಲ್ಲ.

ಪರದೆಯ ಮೇಲೆ, ಎರಡು ವಿಮಾನ ನಿಲ್ದಾಣಗಳ ನಡುವೆ ಎಳೆದ ಗೆರೆಯ ಪಕ್ಕದಲ್ಲೇ, ಕೆಂಪು ಹಳದಿ ಬಣ್ಣದಲ್ಲಿ ಅದು ಕೂತಿತ್ತು. ಕರಗುವ ಮೋಡವೋ ಬೆಳೆಯುವ ಮೋಡವೋ ಹೇಳುವಂತಿರಲಿಲ್ಲ. ಹೇಳುವಂತಿಲ್ಲ ಎಂಬುದೇ ಅವನಿಗೆ ಒಂದು ಬಗೆಯ ಸಮಾಧಾನ ತಂದಿತು. ಆ ಸಮಾಧಾನಕ್ಕೆ ಅವನಿಗೇ ನಾಚಿಕೆಯಾಯಿತು.

ಅವನ ಕೆಲಸ ವಿಮಾನಗಳಿಗೆ ದಾರಿ ಹಾಕಿಕೊಡುವುದು. ಯಾವ ಕಡೆಯಿಂದ ಹೋಗಬೇಕು, ಎಷ್ಟು ದೂರ, ಎಷ್ಟು ಇಂಧನ. ಹಾರುವವರು ಬೇರೆ. ಗಣಿತದಲ್ಲಿ ದೊಡ್ಡ ಪದವಿ ಇದ್ದದ್ದರಿಂದಲೂ, ಕೇಳಿದ್ದಕ್ಕೂ ಕೇಳದ್ದಕ್ಕೂ ವಿವರಣೆ ಕೊಡುವ ಚಾಳಿ ಇದ್ದದ್ದರಿಂದಲೂ ಆಫೀಸಿನವರೆಲ್ಲ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ನಕಾಶೆಯಲ್ಲಿ ನೇರವಾಗಿ ಕಾಣುವ ಗೆರೆ ಹತ್ತಿರದ ದಾರಿಯಲ್ಲ, ಬಾಗಿದ್ದೇ ಹತ್ತಿರದ್ದು ಎಂದು ಕಸ ಗುಡಿಸಲು ಬಂದವನಿಗೂ ಅವನು ಹೇಳಿಕೊಟ್ಟಿದ್ದ. ಪಾಪ, ಅವನು ಪೊರಕೆ ಹಿಡಿದುಕೊಂಡೇ ತಲೆಯಾಡಿಸಿದ್ದ.

ಇವತ್ತು ಭಾನುವಾರ, ಮಧ್ಯಾಹ್ನದ ವಿಮಾನದಲ್ಲಿ ಅವನೇ ಹೋಗಬೇಕಿತ್ತು. ಚೀಲ ಮೇಜಿನ ಕೆಳಗಿತ್ತು. ಸೀಟು ಮಿಕ್ಕರೆ ನೌಕರರು ಪುಕ್ಕಟೆ ಹೋಗಬಹುದು. ಒಂದೇ ಒಂದು ಸೀಟು ಮಿಕ್ಕಿತ್ತು. ಆ ತುದಿಯ ಊರಿನಲ್ಲಿ ಹೆಂಡತಿ, ಮಗಳನ್ನು ಕಟ್ಟಿಕೊಂಡು, ತನ್ನ ಅಣ್ಣನ ಮನೆಯಲ್ಲಿ ಕೂತು ಒಂದು ವರ್ಷವಾಗುತ್ತ ಬಂದಿತ್ತು. ದೊಡ್ಡ ಜಗಳವೇನೂ ಆಗಿರಲಿಲ್ಲ. ಈ ಮನುಷ್ಯನ ಜೊತೆ ಜಗಳ ಕೂಡ ಆಡುವುದಕ್ಕಾಗುವುದಿಲ್ಲ ಎಂಬುದೇ ಅವಳ ಆಕ್ಷೇಪಣೆ.

ಹೋದ ವಾರ ಅವಳೇ ಫೋನು ಮಾಡಿದ್ದಳು. ನಾವಾಗಿ ಬರುವುದಿಲ್ಲ, ನೀವೇ ಬಂದು ಕರೆದುಕೊಂಡು ಹೋಗಿ, ಗಂಟುಮೂಟೆ ಕಟ್ಟಿಟ್ಟಿರುತ್ತೇನೆ ಎಂದಳು. ಭಾನುವಾರ ಬರದಿದ್ದರೆ ಆಮೇಲೆ ಬರುವ ಶ್ರಮ ಬೇಡ ಎಂದೂ ಹೇಳಿದಳು. ಅವನು ಏನು ಹೇಳಬೇಕೋ ತೋಚದೆ ದೂರದ ಮಾತೆತ್ತಿದ. ಊರಿಂದೂರಿಗೆ ನೇರ ಅಳೆದರೆ ಒಂಬೈನೂರು ಚಿಲ್ಲರೆ ಕಿಲೋಮೀಟರು, ವಿಮಾನದ ದಾರಿಯಲ್ಲಿ ಸಾವಿರ ದಾಟುತ್ತದೆ, ಎದುರುಗಾಳಿ ಇದ್ದರಂತೂ ಇನ್ನೂ ಹೆಚ್ಚು ಹಾರಿದ ಹಾಗೇ ಎಂದು ಶುರು ಮಾಡಿದ.

"ದೂರ ಎಷ್ಟು ಅಂತ ನಾನು ಕೇಳ್ಲಿಲ್ಲ," ಎಂದಳು. "ಬರ್ತೀರಾ ಇಲ್ವಾ, ಅಷ್ಟು ಹೇಳಿ."

"ಬರ್ತೀನಿ."

ಹೇಳುವಾಗ ಅದು ನಿಜವೇ ಆಗಿತ್ತು. ಅವರಿಬ್ಬರಿಲ್ಲದ ಮನೆಯಲ್ಲಿ ಅವನು ನಿಂತುಕೊಂಡೇ ಊಟ ಮಾಡುತ್ತಿದ್ದ, ದೀಪ ಹಾಕುವುದಕ್ಕೂ ಬೇಸರಪಡುತ್ತಿದ್ದ. ಅವರು ಬೇಕಿತ್ತು. ಆದರೆ ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಅವಳ ಅಣ್ಣ ಬಾಗಿಲು ತೆಗೆದರೆ ಏನೆನ್ನಬೇಕು? ಮಗಳನ್ನು ಎತ್ತಿಕೊಳ್ಳಬೇಕೋ, ಅವಳಾಗಿ ಬರಲಿ ಎಂದು ಕಾಯಬೇಕೋ? ಕರೆದುಕೊಂಡು ಬಂದಮೇಲೆ, ಮಾರನೆಯ ದಿನ ಬೆಳಿಗ್ಗೆ, ಏನು ಮಾತಾಡಬೇಕು? ಮಿಕ್ಕ ಗಂಡಸರಿಗೆಲ್ಲ ಇದು ಹೇಗೆ ಬರುತ್ತದೋ ಅವನಿಗೆ ಅರ್ಥವಾಗಿರಲಿಲ್ಲ.

ಹತ್ತಿರದ ದಾರಿ ಮೋಡದ ಅಂಚನ್ನು ಸವರಿಕೊಂಡು ಹೋಗುತ್ತಿತ್ತು. ಬೇರೆ ಯಾರು ಕೂತಿದ್ದರೂ ಕಣ್ಣುಮುಚ್ಚಿ ಅದನ್ನೇ ಹಾಕುತ್ತಿದ್ದರು. ಸುತ್ತು ದಾರಿ ದಕ್ಷಿಣಕ್ಕೆ ಬಹಳ ದೂರ ಹೋಗಿ ಬರುತ್ತಿತ್ತು. ಸುತ್ತಿದರೆ ಇಂಧನ ಹೆಚ್ಚು, ಇಂಧನ ಹೆಚ್ಚಿದರೆ ತೂಕ ಹೆಚ್ಚು, ತೂಕ ಮಿತಿ ಮೀರಿದರೆ ಯಾರನ್ನಾದರೂ ಇಳಿಸಬೇಕು. ಮೊದಲು ಇಳಿಯುವವನು ಯಾವಾಗಲೂ ಪುಕ್ಕಟೆ ಸೀಟಿನವನೇ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಸುತ್ತು ದಾರಿ ಹಾಕಿದ. ಆಮೇಲೆ, ಇರಲಿ ಎಂದು, ಇಂಧನವನ್ನು ಇನ್ನಷ್ಟು ಏರಿಸಿದ.

ವಿಮಾನದ ಕ್ಯಾಪ್ಟನ್ ಫೋನು ಮಾಡಿ, ಆ ಮೋಡ ಕರಗುತ್ತಿದೆಯಲ್ಲ, ಇಷ್ಟೊಂದು ಯಾಕೆ ಎಂದು ಕೇಳಿದ. ಬೆಳೆಯಬಹುದು ಎಂದ ಇವನು. ಮೇಷ್ಟ್ರು ಹೇಳಿದಮೇಲೆ ಮುಗಿಯಿತು ಎಂದು ಕ್ಯಾಪ್ಟನ್ ನಕ್ಕು ಒಪ್ಪಿಕೊಂಡ.

ವಿಮಾನದ ತೂಕದ ಲೆಕ್ಕ ನೋಡುವ ಹೆಂಗಸು ಮಾತ್ರ ತಾನೇ ಎದ್ದು ಬಂದಳು. ವಾರದಿಂದ ಆ ಸೀಟಿಗಾಗಿ ಅವನು ಅವಳ ಜೀವ ತಿಂದಿದ್ದ.

"ತೂಕ ಮೀರ್ತಿದೆ ಮೇಷ್ಟ್ರೇ. ನಿಮ್ಮನ್ನೇ ಇಳಿಸ್ಬೇಕಾಗುತ್ತೆ."

"ಇಳಿಸಿ ಮತ್ತೆ."

"ಸ್ವಲ್ಪ ಇಂಧನ ಕಮ್ಮಿ ಮಾಡಿ. ನೀವೇ ಹಾಕಿದ್ದಲ್ವಾ ಅದು?"

ಅವನು ಸುರಕ್ಷತೆಯ ಬಗ್ಗೆ ವಿವರಿಸತೊಡಗಿದ. ಅರ್ಧ ಕೇಳಿ ಅವಳು ಹೊರಟುಹೋದಳು. ಎಂಥ ನಿಷ್ಠೆ ಎಂದುಕೊಂಡಳೋ, ಎಂಥ ಮನುಷ್ಯ ಎಂದುಕೊಂಡಳೋ.

ಆಗಲೂ ಕಾಲ ಮಿಂಚಿರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಕೈಕಟ್ಟಿಕೊಂಡು ಕೂತ. ಬರುತ್ತಿಲ್ಲವೆಂದು ಹೆಂಡತಿಗಾದರೂ ತಿಳಿಸಬೇಕು, ತಿಳಿಸುತ್ತೇನೆ, ಇನ್ನೊಂದು ಸ್ವಲ್ಪ ಹೊತ್ತಿಗೆ ತಿಳಿಸುತ್ತೇನೆ ಎಂದುಕೊಂಡ. ಕಿಟಕಿಯ ಗಾಜು ಅದುರಿತು. ವಿಮಾನ ಮೇಲೆದ್ದಿತ್ತು. ಒಂದು ಕ್ಷಣ ಹಾಯೆನಿಸಿತು. ಮರುಕ್ಷಣವೇ ಏನು ಮಾಡಿಬಿಟ್ಟೆ, ಏನು ಮಾಡಿಬಿಟ್ಟೆ ಎಂದು ಒಳಗೊಳಗೇ ಬಡಬಡಿಸುತ್ತ, ಹೊರಗೆ ಮಾತ್ರ ಪೆನ್ನಿನ ಮುಚ್ಚಳ ಹಾಕಿದ.

ವಿಮಾನ ಹೊರಡುವ ಮೊದಲೇ ಪಾಳಿ ಮುಗಿದಿದ್ದರೂ ಅವನು ಮನೆಗೆ ಹೋಗಲಿಲ್ಲ. ಮುಂದಿನ ಪಾಳಿಯವನ ಹಿಂದೆ ನಿಂತು ಪರದೆ ನೋಡುತ್ತಿದ್ದ. ವಿಮಾನ ದಕ್ಷಿಣಕ್ಕೆ ತಿರುಗುವ ಮೊದಲೇ ಮೋಡ ಹರಿದು ಚೂರಾಯಿತು. ನೇರ ಬನ್ನಿ ಎಂದು ಆ ಕಡೆಯ ನಿಯಂತ್ರಣ ಕೊಠಡಿಯವರು ದಾರಿ ಬಿಟ್ಟುಕೊಟ್ಟರು. ವಿಮಾನದ ಚಿಕ್ಕ ಗುರುತು ಅವನು ಎಳೆದ ಗೆರೆಯನ್ನು ಬಿಟ್ಟು, ಮೋಡ ಇದ್ದ ಜಾಗದ ಮೇಲೆಯೇ ಹಾದು ಆ ಊರನ್ನು ಬೇಗನೆ ತಲುಪಿತು.

ತಲುಪಿತು, ಆದರೆ ಇಳಿಯಲಾಗಲಿಲ್ಲ. ಉರಿಯದೆ ಉಳಿದ ಇಂಧನದಿಂದ ಅದು ಬಲು ಭಾರವಾಗಿತ್ತು. ಅಷ್ಟು ಭಾರ ಹೊತ್ತು ನೆಲ ಮುಟ್ಟುವಂತಿಲ್ಲ. ಸುಟ್ಟು ಕಮ್ಮಿಯಾಗುವವರೆಗೆ ಊರಿನ ಮೇಲೆಯೇ ಸುತ್ತುತ್ತಿರಬೇಕು. ಮೇಷ್ಟ್ರು ಕೊಟ್ಟದ್ದನ್ನು ಖರ್ಚು ಮಾಡುತ್ತಿದ್ದೇವೆ ಎಂದು ಕ್ಯಾಪ್ಟನ್ ಸಂದೇಶ ಕಳಿಸಿದ. ಪಾಳಿಯವನು ಗೊಳ್ಳನೆ ನಕ್ಕ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಯೋಚಿಸುವ ಮೊದಲೇ ಎತ್ತಿದ.

ಆ ಕಡೆಯಿಂದ ಜನರ ಗದ್ದಲ ಮಾತ್ರ ಕೇಳುತ್ತಿತ್ತು.

"ಎತ್ತಿದ್ರಾ," ಎಂದಳು ಹೆಂಡತಿ ಕೊನೆಗೆ. "ನಿಮ್ಮನ್ನ ಕರ್ಕೊಂಡು ಹೋಗೋಕೆ ಅಂತ ಇಬ್ರೂ ವಿಮಾನ ನಿಲ್ದಾಣಕ್ಕೇ ಬಂದಿದೀವಿ. ಅಪ್ಪ ಬರಲ್ಲ ಅಂತ ಇವಳದ್ದು ಬೆಳಿಗ್ಗೆಯಿಂದ ಒಂದೇ ಹಟ. ವಿಮಾನದಲ್ಲಿದ್ದಾರೆ, ಫೋನ್ ಆಫ್ ಇರುತ್ತೆ, ಬೇಕಾದ್ರೆ ನೋಡು ಅಂತ ತೋರಿಸೋಕೆ ಮಾಡಿದೆ."

"ಮೋಡ ಇತ್ತು," ಎಂದ.

"ಇಲ್ಲಿ ಬಿಸಿಲಿದೆ."

ವಿಮಾನ ಕಂಡದ್ದೇ ಹಟ ಮರೆತಿದ್ದ ಮಗಳ ದನಿ ಹಿಂದಿನಿಂದ ಕೇಳಿಸಿತು. ಅಮ್ಮನಿಂದ ಸ್ವಲ್ಪ ದೂರದಲ್ಲಿ ನಿಂತು ಯಾರಿಗೋ ಆಕಾಶ ತೋರಿಸುತ್ತಿದ್ದಳು. ಅದೇ ನಮ್ಮಪ್ಪನ ವಿಮಾನ, ನೋಡಿ, ಮತ್ತೆ ಬಂತು ಎನ್ನುತ್ತಿದ್ದಳು. ವರ್ಷದಿಂದ ಫೋನಿನಲ್ಲಿ ಹಾಂ, ಹೂಂ ಬಿಟ್ಟು ಬೇರೆ ಮಾತಾಡದ ಮಗಳು.

"ಇವಳಿಗೆ ಏನು ಹೇಳ್ಲಿ ಈಗ?" ಹೆಂಡತಿ ದನಿ ತಗ್ಗಿಸಿ ಕೇಳಿದಳು.

"ಆಫ್ ಇದೆ ಅಂತ ಹೇಳು."

ಆ ಕಡೆಯಿಂದ ಫೋನು ಕಟ್ ಆಯಿತು. ಅದನ್ನು ಕಿವಿಗೆ ಒತ್ತಿಕೊಂಡೇ ಅವನು ಪರದೆಯತ್ತ ನೋಡಿದ. ಮಗಳ ತಲೆಯ ಮೇಲೆ, ಖಾಲಿ ಸೀಟನ್ನು ಹೊತ್ತುಕೊಂಡು, ವಿಮಾನ ಇನ್ನೊಂದು ಸುತ್ತಿಗೆ ಹೊರಳಿತು. ಇಳಿಯುವಷ್ಟು ಹಗುರಾಗಲು ಅದಕ್ಕೆ ಇನ್ನೂ ಹೊತ್ತು ಬೇಕಿತ್ತು.